ಮಾತು ಬಲ್ಲವರು ಯಾರು?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಮಾತು ಬಲ್ಲವನೆಂದರೆ ಯಾರು? ನಾಲ್ಕು ಮಂದಿ ಕೂಡಿದಲ್ಲಿ ತಡವರಿಸದೆ ನುಡಿಯಬಲ್ಲವನೆಂದು ಹಲವರ ಎಣಿಕೆ. ಭಾಷಣಕ್ಕೆ ಆ ಗುಣ ಸಾಕಾದೀತು. ಸಂಭಾಷಣೆಯಾದರೋ ಇಬ್ಬರು ಕೂಡಿ ಮಾಡುವ ಕೆಲಸ. ಎದುರಿಗೆ ಕುಳಿತವರು ಮನಬಿಚ್ಚಿ ನುಡಿಯುವಂತೆ ಮಾಡಬಲ್ಲವನೇ ಅಲ್ಲಿ ನಿಪುಣನು.

ಈ ವಿದ್ಯೆಯ ಅಗತ್ಯ ಉತ್ತರ ಕನ್ನಡದ ಕರಾವಳಿಯಲ್ಲಿ ಚೆನ್ನಾಗಿ ಕಾಣುತ್ತದೆ. ಕಾರವಾರದಲ್ಲಿ ಮನೆಯ ಮಾತು ಕೊಂಕಣಿ, ಶಾಲೆ ಕಚೇರಿಗಳ ಮಾತು ಕನ್ನಡವಾಗಿರುವ ಸಂಸಾರಗಳು ಎಷ್ಟೋ ಉಂಟು. ಅಲ್ಲಿಂದ ದಕ್ಷಿಣಕ್ಕೆ ಅಂಕೋಲೆಯ ಕಡೆ ಬಂದರೆ ಹಾಲಕ್ಕಿ ಒಕ್ಕಲಿಗರ ಕನ್ನಡ ಕಿವಿಗೆ ಬೀಳುತ್ತದೆ. ಪುಸ್ತಕದ ಕನ್ನಡಕ್ಕಿಂತ ಅದರ ಸೊಗಡು ಬೇರೆ. ಪೇಟೆಯವರು ಅದನ್ನು ಕೇಳಿ ನಕ್ಕರೆ, ಅಥವಾ ‘ಹಾಗಲ್ಲ, ಹೀಗೆನ್ನಬೇಕು’ ಎಂದು ತಿದ್ದತೊಡಗಿದರೆ, ಆಡುವವರು ಸುಮ್ಮನಾಗುತ್ತಾರೆ. ಅದರಿಂದ ನಷ್ಟ ಯಾರಿಗೆ?

ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಳೆಯ ವಯಸ್ಸಿನಲ್ಲಿಯೇ ತಾಯಿಯೊಡನೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ನಿಂತವರು. ಯಾವ ಬೀಜವನ್ನು ಎಂದು ಆಯಬೇಕು, ಅದನ್ನು ಹೇಗೆ ಮೊಳೆಯಿಸಬೇಕು, ಕಾಡಿನಲ್ಲಿ ತಾಯಿಮರ ಯಾವುದು ಎಂಬುದೆಲ್ಲ ಅವರಿಗೆ ಕರಗತವಾಗಿತ್ತು. ಅವರು ಇದಾವುದನ್ನೂ ಬರೆದಿಟ್ಟವರಲ್ಲ. ಕೂಲಿಯಾಳೆಂದು ಕಡೆಗಣಿಸದೆ ಬಳಿಗೆ ಹೋಗಿ ಕೇಳಿದವರಿಗೆ ಮಾತ್ರ ಆ ಅರಿವು ದಕ್ಕುವಂತಿತ್ತು. 2021ರಲ್ಲಿ ಅವರು ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿಯೇ ಹೋಗಿ ಪದ್ಮಶ್ರೀ ಸ್ವೀಕರಿಸಿದಾಗ ದೇಶವೇ ಅವರತ್ತ ತಿರುಗಿ ನೋಡಿತು.

ಅದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. ಹಾಲಕ್ಕಿಗಳ ಹಾಡಿನ ಭಂಡಾರವೇ ಅವರ ನೆನಪಿನಲ್ಲಿತ್ತು. ಕಾರವಾರದ ಆಕಾಶವಾಣಿಯೂ ಕರ್ನಾಟಕ ಜಾನಪದ ಅಕಾಡೆಮಿಯೂ ಆ ಹಾಡುಗಳನ್ನು ಧ್ವನಿಮುದ್ರಿಸಿಕೊಂಡವು. ತುಳಸಿ ಗೌಡರು 2024ರಲ್ಲಿ, ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡರು. ಅವರನ್ನು ಕೇಳಿ ತಿಳಿದುಕೊಂಡಷ್ಟು ಉಳಿದಿದೆ. ಕೇಳದೆ ಬಿಟ್ಟದ್ದು ಅವರೊಡನೆಯೇ ಹೋಯಿತು.

ಇಂತಹ ಹಿರಿಯರು ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ. ಅವರಿಗೆ ಪ್ರಶಸ್ತಿ ಬಂದಿಲ್ಲ, ಅಷ್ಟೆ. ‘ಅಜ್ಜಿ, ನಿನ್ನ ಕಾಲದಲ್ಲಿ ಎಲ್ಲ ಚೆನ್ನಾಗಿತ್ತೇ?’ ಎಂದು ಕೇಳಿದರೆ ‘ಹೂಂ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಮಳೆಗಾಲಕ್ಕೆಂದು ಮನೆಯಲ್ಲಿ ಏನೇನು ಕೂಡಿಡುತ್ತಿದ್ದೆ?’ ಎಂದು ಕೇಳಿದರೆ ಒಂದು ಕಾಲದ ಬಾಳುವೆಯೇ ಕಣ್ಣೆದುರಿಗೆ ಬರುತ್ತದೆ. ನೆನಪು ಮಾಡಿಕೊಳ್ಳಲು ಅಜ್ಜಿ ತುಸು ನಿಂತರೆ, ಆ ಮೌನವನ್ನು ತುಂಬುವ ಆತುರ ಬೇಡ. ‘ನನಗೂ ಹಾಗೆಯೇ ಆಯಿತು’ ಎಂದು ನಡುವೆ ನುಗ್ಗಿ ಅವಳ ಕಥೆಯನ್ನು ಕಸಿದುಕೊಳ್ಳುವುದೂ ಸಲ್ಲದು. ತಿಳಿಯದ ಶಬ್ದ ಬಂದರೆ ನಗದೆ, ತಿದ್ದದೆ, ಅದರ ಅರ್ಥವನ್ನು ಕೇಳಬೇಕು.

ಈ ಅಭ್ಯಾಸಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಸಂಜೆ ಊಟಕ್ಕೆ ಮೊದಲು ಅರ್ಧ ಗಂಟೆಯ ಬಿಡುವಿದ್ದರೆ ಸಾಕು. ಆದರೆ ಆ ಬಿಡುವನ್ನು ನಾಳೆಗೆಂದು ಮುಂದೂಡದಿರುವುದೇ ಒಳ್ಳೆಯದು.