ಇನ್ನೊಂದು ಶಾಲೆಯಲ್ಲೂ ನಡೆಯುವಂತೆ ಚಟುವಟಿಕೆ ಬರೆಯುವುದು

ಪಾಠಯೋಜನೆಯನ್ನು ನಾವು ಮೇಲ್ವಿಚಾರಕರಿಗಾಗಿ ಬರೆಯುತ್ತೇವೆ. ಸಹಿ ಬಿದ್ದರೆ ಅದರ ಕೆಲಸ ಮುಗಿಯಿತು. ಚಟುವಟಿಕೆಯ ಬರಹಕ್ಕೆ ಓದುಗರೇ ಬೇರೆ. ಚಿಮ್ಮನಚೋಡದಲ್ಲಿ ಕುಳಿತು ಬರೆದದ್ದನ್ನು ಸೇಡಂ ಕಡೆಯ ಶಿಕ್ಷಕರೊಬ್ಬರು ತರಗತಿಗೆ ಹೋಗುವ ಮುನ್ನ ಓದಬಹುದು. ಸಂದೇಹ ಬಂದರೆ ಕೇಳಲು ನಾವು ಅಲ್ಲಿರುವುದಿಲ್ಲ.

ಹತ್ತನೇ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠವನ್ನೇ ನೋಡೋಣ. ಕಾರ್ಬೊನೇಟು ಆಮ್ಲದೊಂದಿಗೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಬಿಡುವುದನ್ನು ತೋರಿಸಬೇಕು. ‘ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಳ್ಳಿ’ ಎಂದು ಶುರು ಮಾಡಿದರೆ ಪ್ರಯೋಗಾಲಯವಿಲ್ಲದ ಶಾಲೆಯವರು ಅಲ್ಲೇ ಓದು ನಿಲ್ಲಿಸುತ್ತಾರೆ. ನಮ್ಮ ಭಾಗದ ಮನೆಗಳ ನೆಲಕ್ಕೆಲ್ಲ ಹಾಸಿರುವ ಶಹಾಬಾದಿ ಕಲ್ಲು ಸುಣ್ಣಕಲ್ಲೇ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳು ನಡೆಯುವುದೂ ಇಲ್ಲಿನ ಸುಣ್ಣಕಲ್ಲಿನಿಂದ. ಒಡೆದ ಚೂರನ್ನು ಕುಟ್ಟಿ ಎರಡು ಚಮಚ ಪುಡಿ ಮಾಡಿ, ಒಂದು ನಿಂಬೆಹಣ್ಣು ಹಿಂಡಿದರೆ ಸಾಕು.

ಶೀರ್ಷಿಕೆಯನ್ನೂ ಹಾಗೆಯೇ ಇಡಿ. ‘ಕಾರ್ಬೊನೇಟುಗಳ ರಾಸಾಯನಿಕ ಗುಣಗಳು: ಒಂದು ಅವಲೋಕನ’ ಎಂದರೆ ಯಾರೂ ತೆರೆಯುವುದಿಲ್ಲ. ‘ಶಹಾಬಾದಿ ಕಲ್ಲು, ನಿಂಬೆರಸದಿಂದ ಕಾರ್ಬನ್ ಡೈಆಕ್ಸೈಡ್’ ಎಂದರೆ ಹುಡುಕುತ್ತಿದ್ದವರಿಗೆ ತಕ್ಷಣ ತಿಳಿಯುತ್ತದೆ.

ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬರೆಯುವವರು ಕಡಿಮೆ. ನನ್ನ ಮಟ್ಟಿಗೆ ಬರಹದ ಅರ್ಧ ಬೆಲೆ ಅದರಲ್ಲೇ ಇದೆ. ಇಡೀ ಕಲ್ಲಿನ ನುಣುಪು ಮೇಲ್ಮೈಗೆ ರಸ ಹಾಕಿದರೆ ಗುಳ್ಳೆಗಳು ಕಷ್ಟಪಟ್ಟು ಕಾಣುತ್ತವೆ. ಪುಡಿಯಲ್ಲಿ ಮೇಲ್ಮೈ ಹೆಚ್ಚಿರುವುದರಿಂದ ಕ್ರಿಯೆ ಬೇಗ ನಡೆಯುತ್ತದೆ. ಪಾನ್ ಅಂಗಡಿಯ ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಕಲಕಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. ಅನಿಲ ಹಾಯಿಸಿದರೆ ಈ ತಿಳಿ ಹಾಲಿನಂತಾಗುತ್ತದೆ. ಬಹಳ ಹೊತ್ತು ಹಾಯಿಸಿದರೆ ಮತ್ತೆ ತಿಳಿಯಾಗುತ್ತದೆ. ಮಕ್ಕಳು ಕೇಳಿಯೇ ಕೇಳುತ್ತಾರೆ, ಆದ್ದರಿಂದ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಹೈಡ್ರೋಜನ್ ಕಾರ್ಬೊನೇಟ್ ಉಂಟಾಗುತ್ತದೆ ಎಂಬ ಕಾರಣವೂ ಅಲ್ಲೇ ಇರಲಿ. ಬಚ್ಚಲು ತೊಳೆಯುವ ಆಸಿಡ್ ಬಳಸಬೇಡಿ ಎಂಬ ಎಚ್ಚರಿಕೆ ಸಾಮಗ್ರಿಗಳ ಪಟ್ಟಿಯಲ್ಲೇ ಬರಲಿ, ಕೊನೆಯಲ್ಲಲ್ಲ.

ಬೇರೆ ಶಿಕ್ಷಕರು ‘ಇದನ್ನು ನೋಡಿ’ ಎಂದು ನಮ್ಮ ಬರಹವನ್ನು ಸೂಚಿಸಬೇಕಾದರೆ ಅದು ಒಂದೇ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿರಬೇಕು. ಇಡೀ ಅಧ್ಯಾಯವನ್ನು ತುರುಕಿದ ಬರಹದಲ್ಲಿ ಯಾವ ಭಾಗವನ್ನು ನೋಡಬೇಕೆಂದು ಹೇಳುವುದೇ ಕಷ್ಟ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳಂಥ ಕಡೆ ಶಿಕ್ಷಕರು ಇತರರ ಸಾಮಗ್ರಿಯನ್ನು ತಮ್ಮ ಶಾಲೆಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಅಲ್ಲೂ ಚಿಕ್ಕದಾಗಿ, ಸಂಪೂರ್ಣವಾಗಿ ಇರುವುದೇ ಕೈಗೆ ಹತ್ತುತ್ತದೆ. ನಾವು ಯಾರಿಂದ ಕಲಿತೆವೋ ಅವರ ಹೆಸರನ್ನೂ ಹಾಕಬೇಕು.

ಕುಂದಾಪುರದ ಕಡೆಯವರಿಗೆ ನಮ್ಮ ಕಲ್ಲು ಸುಲಭವಾಗಿ ಸಿಗಲಿಕ್ಕಿಲ್ಲ. ‘ಮೊಟ್ಟೆಯ ಸಿಪ್ಪೆ, ಕಪ್ಪೆಚಿಪ್ಪಿನ ಪುಡಿಯೂ ನಡೆಯುತ್ತದೆ’ ಎಂದು ಒಂದು ಸಾಲು ಸೇರಿಸಿದರೆ ಅವರೂ ಮಾಡಬಹುದು.