ಕೀಲಿಕೈಗೂ ಮೊದಲು ಕಾಗದ

ದಿಂಡಿಗಲ್ಲು–ತೇನಿ ದಾರಿಯ ಬತ್ತಲಗುಂಡಿನಿಂದ ಕಂಬಂ ಕಣಿವೆಯವರೆಗೂ ಕನ್ನಡ ಮನೆಮಾತಿನ ಕುಟುಂಬಗಳಿವೆ. ಇಂಥ ಊರುಗಳಲ್ಲಿ ಬಾಡಿಗೆ ಮನೆ ಸಿಗುವುದು ಹೆಚ್ಚಾಗಿ ಗುರುತಿನವರ ಮೂಲಕವೇ. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ ಲಿಖಿತ ಕರಾರನ್ನು ಕಡ್ಡಾಯ ಮಾಡಿದೆ; ಬೇರೆ ಒಪ್ಪಂದವಿಲ್ಲದಿದ್ದರೆ ಅಡ್ವಾನ್ಸು ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ.

ಊರು ಬಿಟ್ಟು ಕೆಲಸಕ್ಕೆಂದು ಜರ್ಮನಿಗೆ ಹೋದರೆ, ಅಲ್ಲೂ ಅಡ್ವಾನ್ಸಿನ ಮಿತಿ ಮೂರೇ ತಿಂಗಳ ಬಾಡಿಗೆ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೊಟ್ಟವರಿಗೆ ಇದು ಸ್ವರ್ಗವೇ ಅನ್ನಿಸೀತು! ಆದರೆ ಜರ್ಮನಿಯಲ್ಲಿ ದುಡ್ಡಿಗಿಂತ ಕಾಗದ ದೊಡ್ಡದು. ಸಾಲ ತೀರಿಸಿದ ದಾಖಲೆ ಇಡುವ ಶೂಫಾ ಸಂಸ್ಥೆಯ ಪತ್ರ, ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಈಗಷ್ಟೇ ವಿಮಾನ ಇಳಿದವರ ಬಳಿ ಎರಡೂ ಇರುವುದಿಲ್ಲ. ಹಾಗಾಗಿ ಎಷ್ಟೋ ಕುಟುಂಬಗಳು ಮೊದಲು ತಾತ್ಕಾಲಿಕ ಮನೆಯಲ್ಲಿದ್ದು, ನೌಕರಿಯ ಕರಾರುಪತ್ರ ಹಿಡಿದು ಹುಡುಕಾಟಕ್ಕಿಳಿಯುತ್ತವೆ. ಜಾಹೀರಾತಿನ ಬಾಡಿಗೆಯಲ್ಲಿ ಹೀಟಿಂಗ್ ಖರ್ಚು ಸೇರಿದೆಯೇ ಎಂದು ಕೇಳಲೇಬೇಕು. ಅಡುಗೆಮನೆಯಲ್ಲಿ ಸಿಂಕು, ಕಪಾಟು ಕೂಡ ಇರದಿರಬಹುದು: ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ.

ಹುಡುಕಾಟದಲ್ಲಿ ಮೋಸದ ಬಗ್ಗೆಯೂ ಎಚ್ಚರವಿರಲಿ. ‘ಮಾಲೀಕರು ಹೊರದೇಶದಲ್ಲಿದ್ದಾರೆ, ಹಣ ಹಾಕಿ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ’ ಎಂಬುದು ಹಳೆಯ ಮೋಸ. ಮನೆಯನ್ನು ಕಣ್ಣಾರೆ ನೋಡುವ ತನಕ ಬಿಡಿಗಾಸೂ ಕೊಡಬಾರದು.

ದುಬೈನ ರೀತಿಯೇ ಬೇರೆ. ಅಲ್ಲಿ ವರ್ಷದ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ಕುಗಳನ್ನು ಮೊದಲೇ ಕೊಡುವುದು ರೂಢಿ. ಕರಾರನ್ನು ಇಜಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಹೆಂಡತಿ, ಮಕ್ಕಳ ವೀಸಾಕ್ಕೂ ಆ ದಾಖಲೆ ಕೇಳುತ್ತಾರೆ.