ಕೈಬಿಟ್ಟ ಯಂತ್ರಕ್ಕೆ ಹೊಸ ಬಾಗಿಲು

ಖರೀದಿಸಿದ ದಿನದಿಂದ ಯಂತ್ರದ ಪುಸ್ತಕ ಮೌಲ್ಯ ಇಳಿಯುತ್ತಾ ಹೋಗುವುದು ಲೆಕ್ಕಪತ್ರದ ನಿಯಮ. ಸವಕಳಿಯ ಪಟ್ಟಿಯಲ್ಲಿ ಶೂನ್ಯಕ್ಕೆ ಸಮೀಪಿಸಿದ ವಸ್ತುವೊಂದು ಮಾರುಕಟ್ಟೆಯಲ್ಲಿ ತನ್ನ ಮೂಲ ಬೆಲೆಯ ಹಲವು ಪಟ್ಟು ಬೆಲೆಬಾಳುವುದು ವಿರಳ. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಬಿ-303 ಎಂಬ ಪುಟ್ಟ ಸಿಂಥಸೈಜರ್ ಇಂತಹ ವಿರಳ ಉದಾಹರಣೆಗಳಲ್ಲೊಂದು. ತಯಾರಕರು ಕೈಬಿಟ್ಟ ಮೇಲೆಯೇ ಅದರ ನಿಜವಾದ ಬಾಳು ಆರಂಭವಾಯಿತು. ಆ ಬಾಳಿನ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ಕಾರ್ಖಾನೆಯವರಲ್ಲ, ಯಂತ್ರದ ಮುಚ್ಚಳ ತೆಗೆದು ಒಳಗೆ ಬೆಸುಗೆ ಹಾಕಿದ ಕುಶಲಿಗಳು.

ತಾದಾವೊ ಕಿಕುಮೊಟೊ ಅವರು ವಿನ್ಯಾಸಗೊಳಿಸಿದ ಈ ಯಂತ್ರ 1981ರಲ್ಲಿ ಮಾರುಕಟ್ಟೆಗೆ ಬಂದಿತು. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬಾಸ್ ವಾದ್ಯದ ಜೊತೆ ಒದಗಿಸುವುದು ಇದರ ಉದ್ದೇಶವಾಗಿತ್ತು. ಅಮೆರಿಕದಲ್ಲಿ ಬೆಲೆ 395 ಡಾಲರ್. ಅದರ ಸ್ವರ ನಿಜವಾದ ಬಾಸ್ ಗಿಟಾರನ್ನು ಹೋಲುತ್ತಿರಲಿಲ್ಲ. ಸ್ವರಗಳನ್ನು ಅದರಲ್ಲಿ ದಾಖಲಿಸುವ ಕ್ರಮವೂ ತೊಡಕಿನದಾಗಿತ್ತು. ಸುಮಾರು 10,000 ಯಂತ್ರಗಳ ನಂತರ 1984ರಲ್ಲಿ ಉತ್ಪಾದನೆ ನಿಂತಿತು. ಉಳಿದವು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗದ ದರಕ್ಕೆ ಬಿಕರಿಯಾದವು. ಹೀಗೆ ಅಗ್ಗವಾಗಿ ಕೈಗೆ ಬಂದ ಯಂತ್ರದಿಂದಲೇ ಶಿಕಾಗೋದ ಫ್ಯೂಚರ್ ತಂಡ 1987ರಲ್ಲಿ 'ಆಸಿಡ್ ಟ್ರಾಕ್ಸ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ನೃತ್ಯಸಂಗೀತದ ಒಂದು ಶಾಖೆಯೇ ಅದರ ಹೆಸರು ಹೊತ್ತು ಬೆಳೆಯಿತು. ಆ ತಂಡಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಚಿತ್ರಸಂಗೀತ ಕಲಾವಿದ ಚರಣ್‌ಜಿತ್ ಸಿಂಗ್ ಇದೇ ಯಂತ್ರವನ್ನು ಬಳಸಿ ಹತ್ತು ರಾಗಗಳ ಧ್ವನಿಮುದ್ರಿಕೆ ಮಾಡಿದ್ದರು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಅಂದು ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತಿನ ಗಮನ ಅತ್ತ ಹರಿಯಿತು.

ಗಿರಣಿಯ ನ್ಯಾಯ

ಈ ಬಗೆಯ ಯಂತ್ರದ ಒಳಗಿನ ವ್ಯವಸ್ಥೆಯನ್ನು ಹಿಟ್ಟಿನ ಗಿರಣಿಗೆ ಹೋಲಿಸಬಹುದು. ಆಸಿಲೇಟರ್ ಎಂಬ ಭಾಗ ಕಚ್ಚಾ ಧ್ವನಿಯನ್ನು ಹುಟ್ಟಿಸುತ್ತದೆ, ಅದು ಧಾನ್ಯ. ಫಿಲ್ಟರ್ ಆ ಧ್ವನಿಯ ಕೆಲವು ಅಂಶಗಳನ್ನು ತಡೆದು ಕೆಲವನ್ನು ಬಿಡುತ್ತದೆ, ಅದು ಜರಡಿ. ಕೊನೆಯ ಆಂಪ್ಲಿಫೈಯರ್, ಸ್ವರ ನುಡಿಸಿದಾಗ ಮಾತ್ರ ತೆರೆದುಕೊಳ್ಳುವ ಬಾಗಿಲು. ಟಿಬಿ-303ರ ಕೀರ್ತಿಯೆಲ್ಲ ಅದರ ಜರಡಿಗೆ ಸೇರಿದ್ದು. ಡಯೋಡುಗಳಂತೆ ಜೋಡಿಸಿದ ಟ್ರಾನ್ಸಿಸ್ಟರ್‌ಗಳ ಏಣಿಯಾಕಾರದ ಈ ಫಿಲ್ಟರ್ ಹೊರಡಿಸುವ ಕೀರಲು, ಹಸಿಹಸಿಯಾದ ನಾದಕ್ಕೆ ಬೇರೆಡೆ ಸಾಟಿ ಸಿಗುವುದು ಕಷ್ಟ.

ಅಷ್ಟು ಒಳ್ಳೆಯ ಜರಡಿ ಇರುವಾಗ ಗಿರಾಕಿ ತಂದ ಧಾನ್ಯವನ್ನೂ ಅದರಲ್ಲಿ ಹಾಯಿಸಬಾರದೇಕೆ? ಕೈಗಾರಿಕೆಯ ಭಾಷೆಯಲ್ಲಿ ಇದು ಜಾಬ್ ವರ್ಕ್. 1970ರಲ್ಲಿ ಬಂದ ಮಿನಿಮೂಗ್ ಈ ಸೌಲಭ್ಯವನ್ನು ಆರಂಭದಿಂದಲೇ ಕೊಟ್ಟಿತ್ತು. ಗಿಟಾರನ್ನೋ ಮಾತಿನ ಧ್ವನಿಯನ್ನೋ ಹಿಂಬದಿಯ ಸಾಕೆಟ್ಟಿನ ಮೂಲಕ ಅದರ ಫಿಲ್ಟರಿಗೆ ಕಳುಹಿಸಬಹುದಾಗಿತ್ತು. 1978ರ ಕೊರ್ಗ್ ಎಂಎಸ್-20 ಯಂತ್ರದಲ್ಲಿ ಹೊರಗಿನ ಧ್ವನಿಗಾಗಿಯೇ ಪ್ರತ್ಯೇಕ ವಿಭಾಗವಿತ್ತು. ಟಿಬಿ-303ಕ್ಕೂ 'ಮಿಕ್ಸ್ ಇನ್' ಎಂಬ ಸಾಕೆಟ್ ಇದ್ದಿತಾದರೂ, ಅದರ ಮೂಲಕ ಬಂದ ಧ್ವನಿ ಫಿಲ್ಟರನ್ನು ಮುಟ್ಟದೆ ನೇರವಾಗಿ ಹೊರಮಾರ್ಗಕ್ಕೆ ಸೇರಿಕೊಳ್ಳುತ್ತಿತ್ತು. ಗಿರಾಕಿಯ ಧಾನ್ಯ ಬೀಸದೆಯೇ ಹಿಂಬಾಗಿಲಿನಿಂದ ಹೊರಟಂತೆ!

ಈ ಕೊರತೆಯನ್ನು ತುಂಬಿದವರಲ್ಲಿ ಪ್ರಮುಖರು ಆಸ್ಟ್ರೇಲಿಯಾದ ರಾಬಿನ್ ವಿಟ್ಲ್. 'ಡೆವಿಲ್ ಫಿಶ್' ಎಂಬ ಹೆಸರಿನಲ್ಲಿ 1993ರಿಂದ ಅವರು ಕೈಗೊಂಡ ಮಾರ್ಪಾಡುಗಳಲ್ಲಿ ಫಿಲ್ಟರಿಗೆ ಹೊರಧ್ವನಿಯ ಪ್ರವೇಶವೂ ಒಂದು. ಸ್ವರಗಳ ಒತ್ತು, ಜಾರುವಿಕೆ, ಕ್ಷಯದ ಅವಧಿ ಇವುಗಳ ಮೇಲಿನ ಹಿಡಿತವನ್ನೂ ಅವರು ವಿಸ್ತರಿಸಿದರು.

ತತ್ತ್ವತಃ ಕೆಲಸ ಸರಳ. ಆಸಿಲೇಟರಿನ ಧ್ವನಿ ಫಿಲ್ಟರನ್ನು ಸೇರುವ ಬಿಂದುವನ್ನು ಸರ್ಕ್ಯೂಟಿನಲ್ಲಿ ಗುರುತಿಸಿ, ಒಂದು ಕೆಪಾಸಿಟರ್ ಹಾಗೂ ಒಂದು ರೆಸಿಸ್ಟರ್ ಮೂಲಕ ಹೊಸ ಸಾಕೆಟ್ಟನ್ನು ಅಲ್ಲಿಗೆ ಜೋಡಿಸಬೇಕು. ಕೆಪಾಸಿಟರ್ ನೇರ ವಿದ್ಯುತ್ತನ್ನು ತಡೆಯುತ್ತದೆ. ರೆಸಿಸ್ಟರ್ ಧ್ವನಿಯ ಮಟ್ಟವನ್ನು ಹದಗೊಳಿಸುತ್ತದೆ. ತೊಡಕಿರುವುದು ಈ ಹದದಲ್ಲಿಯೇ. ಗಿಟಾರಿನ ಸಂಕೇತ ಕ್ಷೀಣ. ಅದಕ್ಕೆ ಮುಂಚಿತವಾಗಿ ವರ್ಧಕ ಬೇಕು. ಟೇಪ್ ರೆಕಾರ್ಡರ್ ಅಥವಾ ಮಿಕ್ಸರಿನಿಂದ ಬರುವ ಸಂಕೇತವನ್ನು ತಗ್ಗಿಸದೆ ಕೊಟ್ಟರೆ ಫಿಲ್ಟರಿನಲ್ಲಿ ಧ್ವನಿ ಒಡೆಯುತ್ತದೆ. ಕೆಲವರಿಗೆ ಆ ಒಡಕೇ ಪ್ರಿಯ ಎಂಬುದು ಬೇರೆ ಮಾತು.

ಇನ್ನೊಂದು ಸಂಗತಿ ಹೊಸಬರನ್ನು ಗಾಬರಿಗೊಳಿಸುತ್ತದೆ. ಎಲ್ಲವನ್ನೂ ಸರಿಯಾಗಿ ಜೋಡಿಸಿದರೂ ಯಂತ್ರದಿಂದ ಸದ್ದೇ ಬರುವುದಿಲ್ಲ. ಕಾರಣ ಸ್ಪಷ್ಟ: ಸ್ವರ ನುಡಿಯದ ಹೊರತು ಕೊನೆಯ ಬಾಗಿಲು ತೆರೆಯದು. ಆದುದರಿಂದ ಯಂತ್ರದಲ್ಲಿ ಒಂದು ಸ್ವರಮಾಲೆಯನ್ನು ಚಾಲನೆಯಲ್ಲಿಡಬೇಕು. ಆಗ ಹೊರಗಿನಿಂದ ಬಂದ ಅಖಂಡ ಧ್ವನಿ, ತಂಬೂರಿಯ ಶ್ರುತಿಯೇ ಆಗಲಿ, ಆ ಮಾಲೆಯ ಲಯಕ್ಕೆ ತಕ್ಕಂತೆ ತುಂಡುತುಂಡಾಗಿ ಹೊರಬರುತ್ತದೆ. ಮಿತಿಯೆಂದು ತೋರುವುದೇ ಇಲ್ಲಿ ಗುಣವಾಗಿದೆ.

ವೆಚ್ಚವೋ, ಬಂಡವಾಳವೋ?

ಸಾಕೆಟ್ಟು, ಕೆಪಾಸಿಟರು, ರೆಸಿಸ್ಟರುಗಳ ಬೆಲೆ ಅತ್ಯಲ್ಪ. ನಿಜವಾದ ವೆಚ್ಚ ಅಡಗಿರುವುದು ಡ್ರಿಲ್ಲಿನ ತುದಿಯಲ್ಲಿ. ಹೊರಕವಚಕ್ಕೆ ತೂತು ಕೊರೆದ ಕ್ಷಣದಿಂದ ಆ ಯಂತ್ರ 'ಮೂಲಸ್ಥಿತಿಯಲ್ಲಿದೆ' ಎಂದು ಹೇಳಲು ಬರುವುದಿಲ್ಲ. ಸಂಗ್ರಾಹಕರು ಹಣ ತೆರುವುದು ಆ ಎರಡು ಪದಗಳಿಗೇ. ಅಲ್ಲದೆ ಧ್ವನಿಯ ಬಾಗಿಲನ್ನು ನಿಯಂತ್ರಿಸುವ ಬಿಎ-662 ಚಿಪ್ಪಿನ ಉತ್ಪಾದನೆ ನಿಂತು ದಶಕಗಳಾಗಿವೆ. ಬೆಸುಗೆಯ ಬಿಸಿಗೋ ತಪ್ಪು ಜೋಡಣೆಗೋ ಅದು ಬಲಿಯಾದರೆ ಬದಲಿ ಹುಡುಕುವುದು ಪ್ರಯಾಸ.

ದುರಸ್ತಿಯ ಖರ್ಚು ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಸಲ್ಲುತ್ತದೆ. ಹೊಸ ಸಾಮರ್ಥ್ಯ ತರುವ ಖರ್ಚು ಆಸ್ತಿಯ ಬೆಲೆಗೆ ಸೇರುತ್ತದೆ. ಇದು ಲೆಕ್ಕಪತ್ರದ ಹಳೆಯ ವಿವೇಚನೆ. ಆದರೆ ಸಾಮರ್ಥ್ಯ ಹೆಚ್ಚಿದಂತೆಯೇ ಮರುಮಾರಾಟದ ಬೆಲೆ ಕುಗ್ಗಬಹುದಾದ ಇಂತಹ ಆಸ್ತಿಗೆ ಆ ವಿವೇಚನೆ ಸುಲಭವಾಗಿ ಒಗ್ಗುವುದಿಲ್ಲ. ನಿತ್ಯವೂ ಧ್ವನಿಮುದ್ರಣಕ್ಕೆ ಬಳಸುವ ಸ್ಟುಡಿಯೋಗೆ ಮಾರ್ಪಾಡು ಲಾಭಕರವೇ. ಬೆಲೆ ಏರಲೆಂದು ಕಾದಿರಿಸಿದವರಿಗೆ ಅದು ಹಾನಿ. ಮಾಲೀಕರು ತಾವು ಈ ಎರಡರಲ್ಲಿ ಯಾವ ಪಕ್ಷದವರೆಂಬುದನ್ನು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ನಿರ್ಧರಿಸುವುದು ಕ್ಷೇಮ.

ನಿರ್ಧಾರ ಮಾಡಿದವರೂ ಸರ್ಕ್ಯೂಟಿನ ಮೂಲಸ್ಥಿತಿಯ ಛಾಯಾಚಿತ್ರ ತೆಗೆದಿಡಬೇಕು. ತೆಗೆದ ಬಿಡಿಭಾಗಗಳನ್ನು ಎಸೆಯಬಾರದು. ಮಾಡಿದ ಬದಲಾವಣೆಯ ನಕ್ಷೆಯನ್ನು ಯಂತ್ರದೊಂದಿಗೇ ಇಡಬೇಕು. ನಕ್ಷೆಯಿಲ್ಲದ ಮಾರ್ಪಾಡು ರಸೀದಿಯಿಲ್ಲದ ಖರ್ಚಿನಂತೆ. ಮುಂದೆ ಯಂತ್ರವನ್ನು ಕೊಳ್ಳುವವನೂ ದುರಸ್ತಿ ಮಾಡುವವನೂ ಅದನ್ನು ನಂಬಲಾರರು.

ಈ ನಡುವೆ ಮಾರುಕಟ್ಟೆಯೂ ಬದಲಾಗಿದೆ. ರೋಲ್ಯಾಂಡ್ ಸಂಸ್ಥೆಯೇ 2016ರಲ್ಲಿ ಡಿಜಿಟಲ್ ತಂತ್ರಜ್ಞಾನದ ಟಿಬಿ-03 ಯಂತ್ರವನ್ನು ಹೊರತಂದಿತು. ಬೆಹ್ರಿಂಗರ್ ಸಂಸ್ಥೆ 2019ರಲ್ಲಿ ಹಳೆಯ ಅನಲಾಗ್ ಸರ್ಕ್ಯೂಟನ್ನು ಅನುಸರಿಸಿ ತಯಾರಿಸಿದ ಟಿಡಿ-3 ಯಂತ್ರಕ್ಕೆ ಫಿಲ್ಟರಿನ ಹೊರಪ್ರವೇಶದ ಸಾಕೆಟ್ಟು ಕಾರ್ಖಾನೆಯಿಂದಲೇ ಬಂದಿತು. ಅದರ ಬೆಲೆಯೋ 1981ರ ಮೂಲ ಯಂತ್ರದ ಬೆಲೆಗಿಂತಲೂ ಕಡಿಮೆ. ಹೊರಧ್ವನಿಯನ್ನು ಇಂತಹ ಫಿಲ್ಟರಿನಲ್ಲಿ ಹಾಯಿಸುವುದಷ್ಟೇ ಉದ್ದೇಶವಾಗಿದ್ದರೆ ಇಂದು ಹಳೆಯ ಟಿಬಿ-303ಕ್ಕೆ ತೂತು ಕೊರೆಯಬೇಕಾದ ಅಗತ್ಯವಿಲ್ಲ. ಈಗಾಗಲೇ ತೂತು ಬಿದ್ದಿರುವ ಯಂತ್ರಗಳ ಮಾತು ಬೇರೆ. ಅವು ಸ್ಟುಡಿಯೋಗಳಲ್ಲಿ ದುಡಿಯುತ್ತಲೇ ಇವೆ.